ಅವರು ಆಡದ ಹಕಾರ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಂಪನಿಯ ವರದಿಯಲ್ಲಿ ಒಮ್ಮೆ ಬರೆದಾಗಿದೆ, ಅದರ ಮುಂದೆ ಅವರು ಆಡದ ಮಾತೊಂದನ್ನೂ ಬರೆದಾಗಿದೆ. ಅಷ್ಟೇ ಸಾಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ತೋರಿಸುವ ತರಬೇತಿಯ ಸ್ಲೈಡಿನಲ್ಲಂತೂ ಆ ಹೆಸರೂ ಇಲ್ಲ, 'ಒಬ್ಬ ತಂತ್ರಜ್ಞ' ಎಂದಷ್ಟೇ ಇದೆ. 'ಇಂಜಿನ್ ಬಿಸಿಯಾಗುತ್ತಿದ್ದರೂ ತಂತ್ರಜ್ಞರೊಬ್ಬರು "ಹಾರಲಿ ಸರ್" ಎಂದರು. ಇದರಿಂದ ನಾವು ಕಲಿಯಬೇಕಾದ ಪಾಠವೇನು?' ಕಳೆದ ವಾರ ಈ ಸಾಲುಗಳನ್ನು ಹೊಸಬರ ಮುಂದೆ ಗಟ್ಟಿಯಾಗಿ ಓದಿದವಳು ನಾನೇ. ಈ ಸಲದ ತರಬೇತಿ ನನ್ನ ಪಾಲಿಗೆ ಬಂದಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಒಬ್ಬ ಹುಡುಗಿ ಪಾಠವನ್ನು ಅಚ್ಚುಕಟ್ಟಾಗಿ ನೋಟ್ ಪುಸ್ತಕಕ್ಕೆ ಇಳಿಸಿಕೊಂಡಳು. ಅವರು ತೀರಿಕೊಂಡು ಆಗ ಎರಡು ತಿಂಗಳಾಗಿತ್ತು.

ಅವರು ಹಾಗೆ ಹೇಳಲಿಲ್ಲ. ಇದು ನನಗೆ ಗೊತ್ತು, ಏಕೆಂದರೆ ನಾನು ಅವರ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಗೊತ್ತಿದ್ದೂ ಆ ಸ್ಲೈಡನ್ನು ಓದಿದೆನಲ್ಲ ಎಂಬ ಸಿಟ್ಟು ಈ ಒಂದು ವಾರ ನನ್ನನ್ನು ಸರಿಯಾಗಿ ಉಣ್ಣಲೂ ಬಿಟ್ಟಿಲ್ಲ. ಇದನ್ನು ಓದುವವರು ನನ್ನ ದನಿ ಸ್ವಲ್ಪ ಏರಿದೆ ಎಂದುಕೊಂಡರೆ ಹೌದು, ಏರಿದೆ.

ನಮ್ಮ ಆಫೀಸು ಹಾಸನದ ಬಿ.ಎಂ. ರಸ್ತೆಯಿಂದ ಎರಡು ತಿರುವು ಒಳಗೆ, ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಯಾವುದೋ ಊರಿಂದ ಯಾವುದೋ ಊರಿಗೆ ಹೋಗುವ ಎರಡು ಇಂಜಿನ್ನಿನ ಸಣ್ಣ ವಿಮಾನಗಳ ಎಣ್ಣೆಯ ಬಿಸಿ, ಎಣ್ಣೆಯ ಒತ್ತಡ, ಇಂಜಿನ್ನಿನ ನಡುಕ, ಹೀಗೆ ನೂರೆಂಟು ಅಂಕಿಗಳು ವಿಮಾನ ಆಕಾಶದಲ್ಲಿರುವಾಗಲೇ ನಮ್ಮ ಸ್ಕ್ರೀನಿಗೆ ಬರುತ್ತವೆ. ಏನಾದರೂ ಹದ ತಪ್ಪುತ್ತಿದ್ದರೆ ಅದು ಕೆಡುವ ಮೊದಲೇ ನಾವು ಹೇಳಬೇಕು. ವಿಮಾನ ನಿಲ್ದಾಣ ಈಗ ಬರುತ್ತೆ ಆಗ ಬರುತ್ತೆ ಎಂದು ಕೇಳುತ್ತಲೇ ನಾವು ಬೆಳೆದ ಊರಿನಲ್ಲಿ ಕೂತು ವಿಮಾನ ಕಾಯುವ ಕೆಲಸ. ಊರಿನಲ್ಲಿ ಉಪಗ್ರಹ ನೋಡಿಕೊಳ್ಳುವ ಸರ್ಕಾರಿ ಕೇಂದ್ರವೂ ಇರುವುದರಿಂದ, ಆಟೋದವರಿಗೆ ವಿಳಾಸ ಹೇಳಿದರೆ ಸ್ಯಾಟಲೈಟ್ ಆಫೀಸಾ ಎಂದು ಕೇಳುತ್ತಾರೆ. ಅಲ್ಲ ಎಂದು ವಿವರಿಸಿ ಸಾಕಾಗಿ ನಾನೂ ಈಗ ಹೂಂ ಅಂದುಬಿಡುತ್ತೇನೆ.

ಅವರು ಚನ್ನರಾಯಪಟ್ಟಣ ತಾಲ್ಲೂಕಿನವರು, ದಂಡಿಗನಹಳ್ಳಿ ಹೋಬಳಿಯ ಒಂದು ಊರು. ವಾಯುಪಡೆಯಲ್ಲಿ ಇಂಜಿನ್ ಬಿಚ್ಚಿ ಕಟ್ಟುವ ಕೆಲಸದಲ್ಲಿ ಪ್ರಾಯ ಕಳೆದು, ನಿವೃತ್ತರಾಗಿ ಊರಿಗೆ ಬಂದು, ಆಮೇಲೆ ನಮ್ಮಲ್ಲಿ ಕಾಂಟ್ರಾಕ್ಟ್ ಮೇಲೆ ಸೇರಿದ್ದರು. ಕೋಣೆಯಲ್ಲಿ ನಾವೆಲ್ಲ ಇಂಜಿನಿಯರಿಂಗ್ ಓದಿದವರು. ಇಂಜಿನ್ನನ್ನು ಕೈಯಿಂದ ಮುಟ್ಟಿದ್ದವರು ಅವರೊಬ್ಬರೇ. ಹಸ್ತದ ಮೇಲೆ ಸುಟ್ಟ ಗಾಯದ ಕಲೆಯೊಂದಿತ್ತು. ಯಾರಾದರೂ ಎಣ್ಣೆಯ ಉಷ್ಣಾಂಶವನ್ನು ಬರೀ ಅಂಕಿಯ ಹಾಗೆ ಓದಿ ಹೇಳಿದರೆ ಆ ಕಲೆಯನ್ನು ಹೆಬ್ಬೆರಳಿಂದ ಉಜ್ಜಿಕೊಳ್ಳುತ್ತಿದ್ದರು.

ಬೆಳಿಗ್ಗೆ ಬಸ್ಸಿಳಿದು ಬಂದವರೇ ಮೊದಲು ಕನ್ನಡಕ ಒರೆಸಿ, ಎಲ್ಲ ಸ್ಕ್ರೀನುಗಳನ್ನೂ ನಿಂತುಕೊಂಡೇ ಒಂದು ಸುತ್ತು ನೋಡಿ, ಆಮೇಲೆ ಕೂರುತ್ತಿದ್ದರು. ಒಮ್ಮೆ ಕೂತ ಮೇಲೆ ಸ್ಕ್ರೀನಿಗೆ ಬೆನ್ನು ತೋರಿಸಿದ್ದನ್ನು ನಾನು ಕಾಣೆ. ಡಬ್ಬಿಯಲ್ಲಿ ತಂದ ರೊಟ್ಟಿ, ಹುಚ್ಚೆಳ್ಳು ಚಟ್ನಿಯನ್ನು ಅಲ್ಲೇ ಪಕ್ಕಕ್ಕೆ ತಿರುಗಿ ತಿನ್ನುವಾಗಲೂ ಒಂದು ಕಣ್ಣು ಅತ್ತಲೇ ಇರುತ್ತಿತ್ತು. ಕೆಲಸದ ನಡುವೆ ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರೆ ಎಲ್ಲಿಯೋ ಏನೋ ಸರಿಯಿಲ್ಲ ಎಂದು ಅರ್ಥ. ಇದು ನಮಗೆ ಎಷ್ಟು ರೂಢಿಯಾಗಿತ್ತೆಂದರೆ, ಅವರ ಕೈ ಕನ್ನಡಕಕ್ಕೆ ಹೋದ ಕೂಡಲೇ ನಾವು ಮೊಬೈಲು ಕೆಳಗಿಟ್ಟು ನಮ್ಮ ನಮ್ಮ ಸ್ಕ್ರೀನು ನೋಡುತ್ತಿದ್ದೆವು.

ಅವರ ಬಳಿ ಒಂದು ಉದ್ದ ನೋಟ್ ಪುಸ್ತಕ ಇತ್ತು. ಒಂದೊಂದು ಇಂಜಿನ್ನಿಗೂ ಅದರಲ್ಲಿ ಒಂದೊಂದು ಹಾಳೆ, ಮೇಲೆ 'ಗುಣ' ಎಂಬ ತಲೆಬರಹ. ಒಂದು ಇಂಜಿನ್ನಿನ ಹಾಳೆಯಲ್ಲಿ 'ಬೆಳಿಗ್ಗೆ ಮುನಿಸು, ಬಿಸಿಲೇರಿದ ಮೇಲೆ ಸರಿಹೋಗುತ್ತದೆ' ಎಂದು ಬರೆದಿದ್ದರು. ಇನ್ನೊಂದರಲ್ಲಿ 'ಏರುವಾಗ ನಡುಗುತ್ತದೆ, ಇದರ ಹುಟ್ಟುಗುಣ, ಹೆದರಬೇಕಿಲ್ಲ' ಎಂದಿತ್ತು. ಅಕ್ಷರ ದುಂಡಗೆ, ಕಾಗುಣಿತ ಒಂದೂ ತಪ್ಪಿಲ್ಲ. ಆಡುವಾಗ ಅವರ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ, ಬರೆಯುವಾಗ ಪ್ರತಿಯೊಂದೂ ಇರಬೇಕಾದ ಕಡೆಯೇ ಇರುತ್ತಿತ್ತು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ನಮ್ಮ ಯಂತ್ರಕ್ಕೆ ಗೊತ್ತಿರುವುದು ಒಂದೇ, ಕೆಂಪು ಗೆರೆ. ಅಂಕಿ ಆ ಗೆರೆ ಮುಟ್ಟಿದರೆ ಕೂಗುತ್ತದೆ, ಇಲ್ಲವಾದರೆ ಎಲ್ಲ ಹಸಿರು. ಅವರು ನೋಡುತ್ತಿದ್ದುದು ಗೆರೆಯನ್ನಲ್ಲ, ಅಂಕಿ ಯಾವ ಕಡೆಗೆ ನಡೆಯುತ್ತಿದೆ ಎಂಬುದನ್ನು. ನಾನು ಸೇರಿದ ಹೊಸದರಲ್ಲಿ, ಎಲ್ಲ ಹಸಿರಾಗಿಯೇ ಇದೆಯಲ್ಲ, ಯಾಕಣ್ಣ ಇಷ್ಟು ಯೋಚನೆ ಎಂದು ಕೇಳಿದ್ದಕ್ಕೆ ಅವರು ಹೇಳಿದ ಮಾತು ಇವತ್ತಿಗೂ ಈ ಕೆಲಸದ ಬಗ್ಗೆ ನಾನು ಕೇಳಿರುವ ಸರಿಯಾದ ಒಂದೇ ಮಾತು.

"ಗೆರೆ ಮುಟ್ಟಿದ್ಮೇಲೆ ಕೂಗಕ್ಕೆ ಮಿಷಿನ್ ಅದೆ ಕಣವ್ವ. ಮುಟ್ಟಕ್ ಮುಂಚೆ ಕೂಗಕ್ಕೆ ನಾವಿರಾದು."

ಒಮ್ಮೆ ಒಂದು ವಿಮಾನದ ಎಣ್ಣೆಯ ಒತ್ತಡ ಇದ್ದಕ್ಕಿದ್ದಂತೆ ಮೇಲೆ ಕೆಳಗೆ ಕುಣಿಯತೊಡಗಿತು. ನಾವು ನಾಲ್ಕು ಜನ ಪಂಪೇ ಹೋಯಿತು ಎಂದು ಗಾಬರಿಬಿದ್ದು ಕೈಪಿಡಿ ತಿರುವಿಹಾಕುತ್ತಿದ್ದೆವು. ಅವರು ಕನ್ನಡಕಕ್ಕೆ ಕೈ ಹಾಕಲೇ ಇಲ್ಲ. ಎಣ್ಣೆ ಹೀಗೆಲ್ಲ ಎಗರುವುದಿಲ್ಲ, ಎಗರುವುದು ವೈರು, ಇಳಿದ ಮೇಲೆ ಪ್ಲಗ್ ಬಿಗಿ ಮಾಡಲು ಹೇಳಿ ಎಂದರು. ಇಳಿದ ಮೇಲೆ ನೋಡಿದರೆ ಪ್ಲಗ್ಗೇ ಸಡಿಲವಾಗಿತ್ತು. ಸುಮ್ಮನೆ ಹೆದರಿಸುವವರಲ್ಲ ಅವರು, ಸುಮ್ಮನೆ ಧೈರ್ಯ ಹೇಳುವವರೂ ಅಲ್ಲ.

ಇಷ್ಟು ಬಲ್ಲ ಮನುಷ್ಯನನ್ನು ನಮ್ಮ ಕೋಣೆ ಹೇಗೆ ನಡೆಸಿಕೊಂಡಿತು ಎಂಬುದಕ್ಕೆ ಈಗ ಬರುತ್ತೇನೆ.

ವಿಮಾನವನ್ನು ನೆಲದ ಮೇಲೆ ತಡೆಯಬೇಕಾದಾಗ ನಾವು 'ಹೋಲ್ಡ್' ಎನ್ನಬೇಕು, ಬಿಡಬಹುದಾದಾಗ 'ರಿಲೀಸ್'. ಅವರು ಹೋಲ್ಡ್ ಎಂದರೆ ಅದು 'ಓಲ್ಡ್' ಎಂದೇ ಕೇಳುತ್ತಿತ್ತು. ಮೊದಲ ದಿನವೇ ಯಾರೋ, ಯಾರು ಓಲ್ಡ್ ಅಂಕಲ್, ವಿಮಾನವಾ ನೀವಾ ಎಂದು ಕೇಳಿ ನಗಿಸಿದರು. ಅವರೂ ನಕ್ಕರು. ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಅವರು ಓಲ್ಡ್ ಎಂದಾಗಲೆಲ್ಲ ಯಾರಾದರೂ ಒಬ್ಬರು ಕೆಮ್ಮುವುದು, ಇನ್ನೊಬ್ಬರು ಕೋಲು ಊರಿ ನಡೆಯುವ ಅಭಿನಯ ಮಾಡುವುದು ಆಫೀಸಿನ ರೂಢಿಯಾಯಿತು.

ನಾನು ಅರಕಲಗೂಡಿನವಳು. ನಮ್ಮಪ್ಪ ಮೇಷ್ಟರು, ಮನೆಯಲ್ಲಿ ಹಕಾರ ಬಿಟ್ಟರೆ ಊಟದ ತಟ್ಟೆ ಮುಂದೆ ಕೂರಿಸಿಕೊಂಡು ಹತ್ತು ಸಲ ಹೇಳಿಸುತ್ತಿದ್ದರು. ಆ ವಿದ್ಯೆಯನ್ನು ನಾನು ಇವರ ಮೇಲೆ ಪ್ರಯೋಗ ಮಾಡಿದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೊಳ್ಳಿ ಅಣ್ಣ, ಉಸಿರು ತಾಗಿದರೆ ಹಕಾರ ಬಂತು ಅಂತ ಅರ್ಥ ಎಂದು ಹೇಳಿಕೊಟ್ಟೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದೆ ಎಂದು ಬೇಕಾದರೆ ಹೇಳಿಕೊಳ್ಳಬಹುದು. ಪಾಪ, ಅವರು ದಿನಾ ಬಸ್ಸಿನಲ್ಲಿ ಅಂಗೈ ಹಿಡಿದುಕೊಂಡು ಅಭ್ಯಾಸ ಮಾಡಿದರು. ಕಂಡಕ್ಟರ್ ವಾಂತಿ ಬರುತ್ತಾ ಯಜಮಾನ್ರೇ ಎಂದು ಕವರು ತಂದುಕೊಟ್ಟನಂತೆ. ಅಭ್ಯಾಸದ ಫಲವಾಗಿ ಹಕಾರ ಬಂತು, ಆದರೆ ಬೇಡದ ಕಡೆಯೆಲ್ಲ ಬಂತು. ಆಯಿಲ್ 'ಹಾಯಿಲ್' ಆಯಿತು, ಇಂಜಿನ್ 'ಹಿಂಜಿನ್' ಆಯಿತು. ಅಲ್ಲಿಯವರೆಗೆ ಅವರನ್ನು ಏರ್‌ಫೋರ್ಸ್ ಎಂದು ಕರೆಯುತ್ತಿದ್ದ ಹುಡುಗರು 'ಹೇರ್‌ಫೋರ್ಸ್' ಎಂದು ಕರೆಯತೊಡಗಿದರು. ತಲೆಯಲ್ಲಿ ಕೂದಲು ಕಡಿಮೆ ಇದ್ದುದರಿಂದ ಅದು ಇನ್ನೂ ಚೆನ್ನಾಗಿ ಹೊಂದಿಕೊಂಡಿತು.

ಒಂದು ದಿನ ಅವರು ನನ್ನ ಹತ್ತಿರ ಬಂದು, ಬುಡಿ ಮೇಡಂ, ಈ ಉಸುರು ನನ್ ಕೈಲಿ ಆಗಕಿಲ್ಲ ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ, ಸೋತು ಹೇಳಿದ್ದು. ಅಂದಿನಿಂದ ಅವರು ಹೋಲ್ಡ್ ಎಂಬ ಮಾತನ್ನೇ ಬಿಟ್ಟರು. ತಡೆಯಬೇಕಾದರೆ 'ಇರ್ಲಿ ಸಾ', 'ನಿಲ್ಸಿ ಸಾ' ಎನ್ನುವರು. ಬಿಡಬಹುದಾದರೆ 'ಬುಡಿ ಸಾ', 'ಓಗ್ಲಿ ಸಾ'. ಅಷ್ಟು ವರ್ಷದಲ್ಲಿ ಒಂದೇ ಒಂದು ಸಲವೂ ಅವರು ವಿಮಾನದ ವಿಷಯದಲ್ಲಿ ಹಾರುವುದು ಎಂಬ ಮಾತು ಬಳಸಿದ್ದನ್ನು ನಾನು ಕೇಳಿಲ್ಲ. ಹಾರುವುದು ಕಾಗೆ, ಗುಬ್ಬಿ, ವಿಮಾನ ಹೋಗುವುದು ಎಂಬುದು ಅವರ ಲೆಕ್ಕ. ವಾಯುಪಡೆಯಲ್ಲೂ ಯಾರೂ ಹಾರುವುದು ಅನ್ನುವುದಿಲ್ಲ ಎಂದು ಒಮ್ಮೆ ಹೇಳಿದ್ದರು.

ಇನ್ನು ನಮ್ಮ ಡ್ಯೂಟಿ ಮ್ಯಾನೇಜರ್. ಅವರದು ಹೊಳೆನರಸೀಪುರ, ತಾಲ್ಲೂಕಿನಲ್ಲಿ ಜಮೀನು ತೋಟ ಇರುವ ದೊಡ್ಡ ಮನೆ. ಅವರ ತಾಯಿ ಫೋನು ಮಾಡಿದಾಗ ಸ್ಪೀಕರಿನಲ್ಲಿ ನಮಗೆಲ್ಲ ಕೇಳಿಸುತ್ತಿತ್ತು. ಆ ತಾಯಿಯ ಬಾಯಲ್ಲೂ ಹಕಾರ ಇರಲಿಲ್ಲ, ಅವರೊಂದಿಗೆ ಮಾತಾಡುವಾಗ ಮಗನ ಬಾಯಲ್ಲೂ ಇರುತ್ತಿರಲಿಲ್ಲ. ಫೋನಿಟ್ಟ ಕೂಡಲೇ ಎಲ್ಲ ಹಕಾರಗಳೂ ಟೈ ಕಟ್ಟಿಕೊಂಡು ವಾಪಸು ಬರುತ್ತಿದ್ದವು. ಆಗ ಯಾರೂ ನಗುತ್ತಿರಲಿಲ್ಲ. ಒಂದೇ ಮಾತು, ದೊಡ್ಡ ಮನೆಯ ತಾಯಿ ಆಡಿದರೆ ಹಳ್ಳಿಯ ಸೊಗಸು, ಇವರು ಆಡಿದರೆ ತಮಾಷೆ. ಯಾಕೆ ಎಂದು ನಮಗೆಲ್ಲ ಗೊತ್ತಿತ್ತು. ಇವರು ಊರಿನ ಯಾವ ಕೇರಿಯವರು ಎಂಬುದು ಕೆಲಸಕ್ಕೆ ಸೇರಿದ ವಾರದಲ್ಲೇ ಕೋಣೆಗೆಲ್ಲ ತಿಳಿದುಹೋಗಿತ್ತು. ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ, ನಾವೆಲ್ಲ ಓದಿದವರಲ್ಲವೇ.

ಆ ದಿನ ಮಧ್ಯಾಹ್ನ ಊಟದ ಹೊತ್ತು. ಒಂದು ವಿಮಾನ ನಡುವಿನ ಊರಿನಲ್ಲಿ ಇಳಿದು, ಅರ್ಧ ಗಂಟೆಯೊಳಗೆ ಮತ್ತೆ ಹೊರಡಬೇಕಿತ್ತು. ಅದರ ಬಲಗಡೆಯ ಇಂಜಿನ್ನಿನ ಎಣ್ಣೆಯ ಬಿಸಿ ಬೆಳಗಿನಿಂದ ಪ್ರತಿ ಹಾರಾಟದಲ್ಲೂ ಸ್ವಲ್ಪ ಸ್ವಲ್ಪ ಏರುತ್ತ ಬಂದಿತ್ತು. ಕೆಂಪು ಗೆರೆಗೆ ಇನ್ನೂ ದೂರವಿತ್ತು, ಯಂತ್ರಕ್ಕೆ ಎಲ್ಲ ಹಸಿರು. ಅವರು ರೊಟ್ಟಿಯ ಡಬ್ಬಿ ಮುಚ್ಚಿಟ್ಟು ಕನ್ನಡಕ ಒರೆಸುತ್ತಿದ್ದರು. ಅಷ್ಟರಲ್ಲಿ ಆ ವಿಮಾನ ನಿಲ್ದಾಣದಿಂದ ಫೋನು ಬಂತು. ಮ್ಯಾನೇಜರ್ ಫೋನೆತ್ತಿ ಕಿವಿಗಿಟ್ಟುಕೊಂಡು, ಕೋಣೆಯ ಆ ತುದಿಯಿಂದ ಏನು ಹೇಳೋಣ ಎಂದು ಇವರನ್ನು ಕೇಳಿದರು. ತಡೆಯುವ, ಬಿಡುವ ಅಧಿಕಾರ ಮ್ಯಾನೇಜರರದು, ಕಂಪ್ಯೂಟರಿನಲ್ಲಿ ಅದನ್ನು ಒತ್ತಬೇಕಾದವರೂ ಅವರೇ. ಇವರಿಗಿದ್ದುದು ನೋಡುವ ಕಣ್ಣು, ಹೇಳುವ ಬಾಯಿ.

ಇವರು ಸ್ಕ್ರೀನಿನಿಂದ ಕಣ್ಣು ತೆಗೆಯದೆ, "ಬಲಗಡೇದು ಬಿಸಿ ಅದೆ. ಆರ್ಲಿ ಸಾ" ಎಂದರು.

ಕಾಫಿ ಬಿಸಿ ಇದ್ದರೆ ಆರಲಿ ಎನ್ನುತ್ತೇವಲ್ಲ, ಆ ಆರಲಿ. ಇಂಜಿನ್ ನಿಲ್ಲಿಸಿ, ಅದು ತಣ್ಣಗಾಗಲಿ, ಆಮೇಲೆ ಕವಚ ತೆಗೆದು ಎಣ್ಣೆಯನ್ನು ತಂಪು ಮಾಡುವ ಭಾಗವನ್ನು ಕೈಯಾಡಿಸಿ ನೋಡಲಿ ಎಂದು ಅರ್ಥ. ಪಕ್ಕದಲ್ಲಿದ್ದ ನನಗೆ ಇದು ಅರೆಗಳಿಗೆಯೂ ಯೋಚಿಸದೆ ತಿಳಿಯಿತು. ತಾವೇ ಕುರ್ಚಿ ಎಳೆದ ಸದ್ದಿನಲ್ಲಿ ಮೊದಲ ಮಾತು ಮುಳುಗಿ, ಮ್ಯಾನೇಜರರ ಕಿವಿಗೆ ಬಿದ್ದುದು ಈ 'ಆರ್ಲಿ' ಮಾತ್ರ. ಬೇರೆ ಊರಿನವರಾಗಿದ್ದರೆ ಏನಂದಿರಿ ಎಂದು ಇನ್ನೊಮ್ಮೆ ಕೇಳುತ್ತಿದ್ದರು. ಮ್ಯಾನೇಜರ್ ಹೊಳೆನರಸೀಪುರದವರು, ಹಳ್ಳಿಯ ಮಾತಿನಲ್ಲಿ ಏನು ಬಿಟ್ಟುಹೋಗಿರುತ್ತದೆ, ಅದನ್ನು ಎಲ್ಲಿ ಸೇರಿಸಿಕೊಳ್ಳಬೇಕು ಎಂದು ಚೆನ್ನಾಗಿ ಬಲ್ಲವರು. ಬಿಟ್ಟಿರದ ಹಕಾರವನ್ನು ತಾವೇ ಸೇರಿಸಿಕೊಂಡರು. ಆರಲಿ ಎಂದದ್ದು ಅವರ ತಲೆಯೊಳಗೆ ಹಾರಲಿ ಆಯಿತು, ಫೋನಿನಲ್ಲಿ 'ರಿಲೀಸ್' ಆಯಿತು. ಸ್ಕ್ರೀನೂ ಹಸಿರು ತೋರಿಸುತ್ತಿತ್ತಲ್ಲ, ಎರಡೂ ಹೊಂದಿಕೊಂಡವು.

ಒಂದಷ್ಟು ಹೊತ್ತಿನ ಮೇಲೆ ಬಲಗಡೆಯ ಇಂಜಿನ್ನಿನ ಅಂಕಿಗಳು ಸ್ಕ್ರೀನಿನ ಮೇಲೆ ಮತ್ತೆ ಓಡತೊಡಗಿದವು. ಇವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುನಿಂತರು. ಯಾಕ್ ಸಾ ಸ್ಟಾರ್ಟ್ ಮಾಡ್ತಾವ್ರೆ ಎಂದು ಕೇಳಿದರು. ನೀವೇ ಹಾರಲಿ ಅಂದ್ರಲ್ಲ ಎಂದರು ಮ್ಯಾನೇಜರ್. ಇವರು ಫೋನಿಗೆ ತಾವೇ ಓಡಿದರು. ಆ ಕಡೆ ಗಂಟೆ ಬಾರಿಸುತ್ತಲೇ ಇತ್ತು, ಎತ್ತುವವರು ವಿಮಾನವನ್ನು ಕಳಿಸಿಕೊಡಲು ಹೊರಗೆ ಹೋಗಿದ್ದರು. ನಮ್ಮಲ್ಲಿ ಮಾತು ರೆಕಾರ್ಡ್ ಆಗುವುದು ಫೋನಿನಲ್ಲಿ ಎರಡೂ ಕಡೆಯವರು ಇದ್ದಾಗ ಮಾತ್ರ. ಹಾಗಾಗಿ ಅವರು ಎದ್ದುನಿಂತದ್ದು, ಕೇಳಿದ್ದು, ಓಡಿದ್ದು ಯಾವುದೂ ಎಲ್ಲಿಯೂ ದಾಖಲಾಗಲಿಲ್ಲ. ದಾಖಲಾದದ್ದು ನನ್ನ ತಲೆಯಲ್ಲಿ ಮಾತ್ರ.

ವಿಮಾನ ಏರಿತು. ಏರಿದ ಸ್ವಲ್ಪ ಹೊತ್ತಿಗೆ ಅಂಕಿ ಗೆರೆ ಮುಟ್ಟಿತು, ಯಂತ್ರ ಕೂಗಿತು. ಪೈಲಟ್ಟುಗಳು ಬಲಗಡೆಯ ಇಂಜಿನ್ನನ್ನು ಆಕಾಶದಲ್ಲೇ ನಿಲ್ಲಿಸಿ, ಎಡಗಡೆಯ ಒಂದೇ ಇಂಜಿನ್ನಿನಲ್ಲಿ ಹೊರಟಲ್ಲಿಗೇ ವಾಪಸು ತಿರುಗಿದರು. ಅಷ್ಟೂ ಹೊತ್ತು ಇವರು ಸ್ಕ್ರೀನಿನ ಮುಂದೆ ನಿಂತು, ಎರಡು ಕೈಯನ್ನೂ ಮೇಜಿನ ಮೇಲೆ ಊರಿ, ಉಳಿದ ಇಂಜಿನ್ನಿನ ಅಂಕಿಗಳನ್ನು ಒಂದೊಂದಾಗಿ ಓದುತ್ತಿದ್ದರು. ಪ್ರತಿ ಸಲ ಓದಿ ಮುಗಿಸಿ, ಎಡಗಡೇದು ಚೆನ್ನಾಗದೆ, ಎಡಗಡೇದು ಚೆನ್ನಾಗದೆ ಎನ್ನುತ್ತಿದ್ದರು. ಯಾರಿಗೆ ಹೇಳುತ್ತಿದ್ದರೋ ಕಾಣೆ. ಚಕ್ರ ನೆಲ ಮುಟ್ಟಿದ ಗುರುತು ಸ್ಕ್ರೀನಿನಲ್ಲಿ ಮೂಡಿದ ಮೇಲೆ ಕೂತರು.  ನೀರು ಕೊಟ್ಟೆ, ಲೋಟ ಪಕ್ಕಕ್ಕಿಟ್ಟು ನೋಟ್ ಪುಸ್ತಕ ತೆರೆದರು.

ವಿಮಾನದಲ್ಲಿದ್ದ ಯಾರಿಗೂ ಏನೂ ಆಗಲಿಲ್ಲ. ಅದಕ್ಕೇ ಇದು ಪೇಪರಿನಲ್ಲಿ ದೊಡ್ಡದಾಗಿ ಬರಲಿಲ್ಲ, ಕಂಪನಿಯ ಒಳಗಿನ ವಿಚಾರಣೆಯಲ್ಲೇ ಮುಗಿಯಿತು. ಮೂರು ಜನರ ಸಮಿತಿ. ಒಬ್ಬರಿಗೆ ಕನ್ನಡ ಬಾರದು. ಇಬ್ಬರಿಗೆ ಪುಸ್ತಕದ ಕನ್ನಡ ಬರುತ್ತಿತ್ತು. ಫೋನಿನ ರೆಕಾರ್ಡಿಂಗನ್ನು ಯಾರೋ ಕೂತು ಅಕ್ಷರಕ್ಕಿಳಿಸಿದ್ದರು. ದೂರದಿಂದ ಬಂದ ದನಿ, ಜೊತೆಗೆ ಮ್ಯಾನೇಜರ್ ಕುರ್ಚಿ ಎಳೆದ ಸದ್ದು, ಹಾಗಾಗಿ 'ಬಿಸಿ ಅದೆ' ಎಂಬುದರ ಜಾಗದಲ್ಲಿ 'ಅಸ್ಪಷ್ಟ' ಎಂದಿತ್ತು. ಅದರ ಮುಂದೆ ಸ್ಪಷ್ಟವಾಗಿ 'ಹಾರಲಿ ಸರ್' ಎಂದಿತ್ತು. ಇಂಥ ಮಾತನ್ನು ಶುದ್ಧ ಮಾಡಿ ಬರೆಯುವುದು ಅಕ್ಷರಕ್ಕಿಳಿಸುವವರ ಕೆಲಸವಂತೆ. ಅದಕ್ಕೆ 'ಸಾ' ಎಂಬುದನ್ನೂ ತಿದ್ದಿ 'ಸರ್' ಮಾಡಿದ್ದರು. ಮನುಷ್ಯನ ಬಾಯಿಂದ ಅವನ ಮಾತನ್ನೇ ಕಿತ್ತು ತೊಳೆದು ಇಸ್ತ್ರಿ ಮಾಡಿ ಅವನ ಮೇಲೇ ಸಾಕ್ಷಿಗೆ ನಿಲ್ಲಿಸಿದ್ದರು. ಇದಕ್ಕೆ ಅನ್ಯಾಯ ಎನ್ನದೆ ಬೇರೆ ಏನು ಹೆಸರಿದೆಯೋ ನನಗೆ ತಿಳಿಯದು.

ಸಮಿತಿಯ ಮುಂದೆ ಅವರು ಹೇಳಿದ್ದನ್ನು ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತು ಕೇಳಿದೆ. ಮುಂದಿನ ಸರದಿ ನನ್ನದಿತ್ತು, ಬಾಗಿಲು ಅರ್ಧ ತೆರೆದಿತ್ತು. ನೀವು ಹಾರಲಿ ಎಂದಿರಾ ಎಂದು ಅಧ್ಯಕ್ಷರು ಕೇಳಿದರು.

"ನಾನು ಆರ್ಲಿ ಅನ್ನಿಲ್ಲ ಸಾ," ಎಂದರು ಅವರು. "ಆರ್ಲಿ ಅಂದೆ."

 ಒಳಗೆ ನಗು. ಮೂವರೂ ನಕ್ಕರೋ ಇಬ್ಬರೋ ಗೊತ್ತಿಲ್ಲ. ಅವರು ಅಲ್ಲಗಳೆಯುತ್ತಿದ್ದ ಮಾತು, ಆಡಿದೆ ಎನ್ನುತ್ತಿದ್ದ ಮಾತು ಎರಡೂ ಅವರ ಬಾಯಲ್ಲಿ ಒಂದೇ ಆಗಿತ್ತು. ಪ್ರಾಣ ಹೋಗುವ ಹಾಗೆ ಪ್ರಯತ್ನ ಪಟ್ಟರೂ ಆ ಗಳಿಗೆಗೆ ಹಕಾರ ಬರಲಿಲ್ಲ. ಬಾಯಿಯ ಮುಂದೆ ಅಂಗೈ ಹಿಡಿದುಕೊಂಡಿದ್ದರೋ ಏನೋ, ನನಗೆ ಕಾಣಿಸುತ್ತಿರಲಿಲ್ಲ. ತಣ್ಣಗಾಗ್ಲಿ ಅಂತ ಸಾ, ತಣ್ಣಗಾಗ್ಲಿ ಅಂತ ಎಂದು ಎರಡು ಸಲ ಹೇಳಿದರು. ಅದನ್ನು ಈಗ ಹೇಳುತ್ತಿದ್ದೀರಿ ಎಂದರು ಅಧ್ಯಕ್ಷರು. 

ನನ್ನ ಸರದಿ ಬಂತು. ಇದನ್ನು ಬರೆಯುವುದು ಸುಲಭವಲ್ಲ, ಆದರೂ ಬರೆಯುತ್ತೇನೆ. ನನಗೆ ಆಗ ಕೆಲಸ ಖಾಯಂ ಆಗುವುದರಲ್ಲಿತ್ತು. ಮ್ಯಾನೇಜರ್ ಎದುರಿಗೇ ಕೂತಿದ್ದರು. ನಿಮ್ಮ ಕಿವಿಗೆ ಬಿದ್ದ ಶಬ್ದ ಯಾವುದು ಎಂದು ಅಧ್ಯಕ್ಷರು ಕೇಳಿದರು. ಆರ್ಲಿ ಎಂದೆ. ಹಾರಲಿ ಎಂಬುದನ್ನು ಅವರು ಹೇಗೆ ಹೇಳುತ್ತಾರೆ ಎಂದು ಕೇಳಿದರು. ಅವರಿಗೆ ಹಕಾರ ಬರುವುದಿಲ್ಲ ಸರ್ ಎಂದೆ. ಸುಳ್ಳಲ್ಲ, ಅಕ್ಷರಶಃ ನಿಜ. ಆದರೆ ಅವರು ಹಾರುವುದು ಎಂಬ ಮಾತನ್ನೇ ಆಡುವವರಲ್ಲ, ಬಿಸಿ ಅದೆ ಎಂದು ಮೊದಲೇ ಹೇಳಿದ್ದರು, ಇಂಜಿನ್ ಸ್ಟಾರ್ಟ್ ಆದಾಗ ಎದ್ದುನಿಂತು ಕೇಳಿದರು, ಫೋನಿಗೆ ಓಡಿದರು, ಇದಿಷ್ಟನ್ನೂ ಹೇಳಲು ನಾಲಿಗೆಯ ತುದಿಗೆ ತಂದುಕೊಂಡಿದ್ದೆ. ಅಷ್ಟರಲ್ಲಿ ಅಧ್ಯಕ್ಷರು ಥ್ಯಾಂಕ್ಯೂ, ಸಾಕು ಎಂದರು. ಆ ಸಾಕು ಎಂಬ ಮಾತು ಕೇಳಿ ನನಗೆ ಸಮಾಧಾನವಾಯಿತು. ಹೌದು, ಸಮಾಧಾನವೇ. ಹಾಳೆ ಮುಂದಿಟ್ಟರು, ಸಹಿ ಮಾಡಿದೆ. ವರದಿಯಲ್ಲಿ ನನ್ನ ಮಾತೇ ಅವರ ವಿರುದ್ಧದ ಸಾಕ್ಷ್ಯವಾಗಿ ಬಂದಿದೆ.

ಅವರ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ನನ್ನ ಕೆಲಸ ಖಾಯಂ ಆಯಿತು. ಮ್ಯಾನೇಜರ್ ಬಡ್ತಿ ಸಿಕ್ಕಿ ಬೇರೆ ಊರಿಗೆ ಹೋದರು.

ಆಮೇಲೆ ಅವರು ಮೂರು ಸಲ ಆಫೀಸಿಗೆ ಬಂದರು. ಕೆಲಸ ಕೇಳಲು ಅಲ್ಲ. ಒಂದು ಅರ್ಜಿ ಹಿಡಿದು ಬಂದಿದ್ದರು, ಅದೇ ದುಂಡು ಅಕ್ಷರ. 'ವರದಿಯಲ್ಲಿ ನಾನು ಹೇಳಿದ್ದೇನೆ ಎಂದು ಬರೆದಿರುವ ಮಾತಿನಲ್ಲಿ ಒಂದು ಅಕ್ಷರ ತಪ್ಪಾಗಿದೆ. ನಾನು ಹೇಳಿದ್ದು ಆರಲಿ. ದಯವಿಟ್ಟು ಹಕಾರ ತೆಗೆದು ಸರಿಪಡಿಸಬೇಕಾಗಿ ವಿನಂತಿ' ಎಂದು ಇತ್ತು. ಹೇಳಿದ್ದೇನೆ ಎಂಬಲ್ಲಿ, ಹೇಳಿದ್ದು ಎಂಬಲ್ಲಿ ಎಲ್ಲ ಕಡೆ ಹಕಾರ ಸರಿಯಾಗಿಯೇ ಇತ್ತು. ಆ ಕಾಗದ ಒಂದನ್ನು ನೋಡಿದ್ದರೆ ಸಾಕಿತ್ತು, ಯಾವ ಅಕ್ಷರ ಎಲ್ಲಿರಬೇಕು ಎಂದು ಈ ಮನುಷ್ಯನಿಗೆ ಎಷ್ಟು ಚೆನ್ನಾಗಿ ಗೊತ್ತು ಎಂಬುದು ತಿಳಿಯುತ್ತಿತ್ತು. ಮೊದಲ ಸಲ ಆಫೀಸಿನವರು ನೋಡೋಣ ಎಂದರು. ಎರಡನೇ ಸಲ, ವಿಚಾರಣೆ ಮುಗಿದಿದೆ, ತೆರೆಯಲು ಬರುವುದಿಲ್ಲ ಎಂದರು. ಮೂರನೇ ಸಲ ರಿಸೆಪ್ಶನ್ನಿನವರೇ, ಒಂದಕ್ಷರಕ್ಕೆ ಯಾಕೆ ಯಜಮಾನ್ರೇ ಇಷ್ಟು ಓಡಾಟ ಎಂದು ಕೇಳಿ ಕಳಿಸಿದರು. ಅವತ್ತು ನಾನು ಮೆಟ್ಟಿಲ ಬಳಿ ಎದುರಾದೆ. ಚೆನ್ನಾಗಿದ್ದೀರಾ ಎಂದು ಕೇಳಿದೆ. ಚೆನ್ನಾಗಿವ್ನಿ ಕಣವ್ವ, ಬಲಗಡೇದು ರಿಪೇರಿ ಆಯ್ತಾ ಎಂದು ಕೇಳಿದರು. ಆಯಿತು ಎಂದೆ. ತಂಪು ಮಾಡುವ ಭಾಗವೇ ಕಟ್ಟಿಕೊಂಡಿತ್ತಂತೆ ಎಂದು ಹೇಳಿದೆ. ಅವರು ತಲೆಯಾಡಿಸಿ, ಕನ್ನಡಕ ತೆಗೆದು ಒರೆಸಿಕೊಂಡು, ಟೈಲ್ಸ್ ಅಂಗಡಿಯ ಮುಂದೆ ಹಾದು ಬಸ್ ಸ್ಟ್ಯಾಂಡಿನ ಕಡೆಗೆ ಹೋದರು. ಅದೇ ಕೊನೆ.

ಸಾವಿರ ಅಂಕಿಗಳನ್ನು ಆಕಾಶದಿಂದ ಇಳಿಸಿಕೊಂಡು ಕ್ಷಣಕ್ಷಣಕ್ಕೂ ಓದುತ್ತೇವೆ ಎಂದು ನಮ್ಮ ಕಂಪನಿಯ ಬೋರ್ಡಿನ ಮೇಲೆ ಬರೆದಿದೆ. ಪಕ್ಕದ ಕುರ್ಚಿಯಲ್ಲಿ ಕೂತವರು ಆಡಿದ ಎರಡು ಮಾತನ್ನು ಇದ್ದ ಹಾಗೆ ಕೇಳಿಸಿಕೊಳ್ಳಲು ನಮಗೆ ಆಗಲಿಲ್ಲ. ಸ್ಲೈಡಿನಲ್ಲಿ ಕಲಿಯಬೇಕಾದ ಪಾಠವೇನು ಎಂದು ಕೇಳುತ್ತಾರಲ್ಲ, ಇದು ಪಾಠ. ಹೋಲ್ಡ್ ಎನ್ನಲು ನಾಚುವಂತೆ ಒಬ್ಬರನ್ನು ನಕ್ಕು ನಕ್ಕು ಬಾಯಿ ಮುಚ್ಚಿಸಿದವರು ನಾವು. ಆಮೇಲೆ, ನೀವು ಹೋಲ್ಡ್ ಎಂದು ಸ್ಪಷ್ಟವಾಗಿ ಯಾಕೆ ಹೇಳಲಿಲ್ಲ ಎಂದು ವರದಿಯಲ್ಲಿ ಕೇಳಿದವರೂ ನಾವೇ.

ತರಬೇತಿ ಮುಗಿದ ಭಾನುವಾರ ಬಸ್ಸು ಹತ್ತಿ ಅವರ ಊರಿಗೆ ಹೋದೆ. ತೀರಿಕೊಂಡಾಗ ಹೋಗಿರಲಿಲ್ಲ, ಮುಖವಿರಲಿಲ್ಲ. ಹೃದಯಾಘಾತವಂತೆ, ಹೊಲದ ಬದುವಿನ ಮೇಲೆ ಕೂತವರು ಏಳಲಿಲ್ಲವಂತೆ. ಎರಡು ಕೋಣೆಯ ಅಚ್ಚುಕಟ್ಟು ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ವಾಯುಪಡೆಯ ಸಮವಸ್ತ್ರದಲ್ಲಿ ಅವರ ಹಳೆಯ ಫೋಟೋ, ತಲೆ ತುಂಬ ಕೂದಲು. ಕೆಳಗಿನ ಗೂಡಿನಲ್ಲಿ ಆ ಉದ್ದ ನೋಟ್ ಪುಸ್ತಕ, ಅದರ ಮೇಲೆ ಮಡಿಸಿಟ್ಟ ಕನ್ನಡಕ.

ಅವರ ಹೆಂಡತಿ ನಾನು ಯಾರೆಂದು ಹೇಳುವ ಮೊದಲೇ ಗುರುತು ಹಿಡಿದರು. ಉಸುರು ಯೋಳ್ಕೊಟ್ಟ ಮೇಡ್ಮಾ ಎಂದು ಕೇಳಿದರು. ಹೌದು ಎಂದೆ. ಚಾಪೆ ಹಾಸಿ ಕೂರಿಸಿ, ಸ್ಟೀಲಿನ ಲೋಟದ ತುಂಬ ಕಾಫಿ ತಂದು ನನ್ನ ಮುಂದಿಟ್ಟರು. ಲೋಟ ಮುಟ್ಟಲಾಗದಷ್ಟು ಸುಡುತ್ತಿತ್ತು.

"ಬಿಸಿ ಅದೆ ಕಣವ್ವ, ಒಸಿ ಆ..." ಎಂದವರು ತಟ್ಟನೆ ತಡೆದುಕೊಂಡು, "ತಣ್ಣಗಾಗ್ಲಿ" ಎಂದರು.

ನಾನು ಅವರ ಮುಖ ನೋಡಿದೆ. ಆ ಮಾತನ್ನು ಮನೆಯಲ್ಲಿ ಬಿಟ್ಟುಬಿಟ್ಟಿದ್ದೇವೆ ಎಂದು ಅವರೇ ಹೇಳಿದರು. ಕೆಲಸ ಬಿಟ್ಟು ಬಂದ ಹೊಸದರಲ್ಲಿ ಒಂದು ಸಲ ಸಾರು ಬಡಿಸಿ, ಬಿಸಿ ಇದೆ ಆರ್ಲಿ ಇರಿ ಎಂದಿದ್ದಕ್ಕೆ ಅವರು ತಟ್ಟೆ ಬಿಟ್ಟು ಎದ್ದು ಹೊರಗೆ ಹೋದರಂತೆ. ಬೈಯಲಿಲ್ಲ, ಕೂಗಾಡಲಿಲ್ಲ, ಜಗಲಿಯ ಮೇಲೆ ಸುಮ್ಮನೆ ಕೂತಿದ್ದರಂತೆ. ಅಂದಿನಿಂದ ಈ ಮನೆಯಲ್ಲಿ ಸಾರೂ ತಣ್ಣಗಾಗುತ್ತದೆ, ಕಾಫಿಯೂ ತಣ್ಣಗಾಗುತ್ತದೆ.

ಹೊರಗೆ ಯಾರದೋ ಟ್ರ್ಯಾಕ್ಟರ್ ಹಾದುಹೋಯಿತು.  ಆಮೇಲೆ ಅವರು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ಯಾವ ಆರೋಪವೂ ಇಲ್ಲದ ದನಿಯಲ್ಲಿ, ನೀನು ಪಕ್ಕದಾಗೇ ಕುಂತಿದ್ಯಂತಲ್ಲ, ನಿನ್ ಕಿವೀಗೆ ಏನ್ ಬಿತ್ತು ಎಂದು ಕೇಳಿದರು.

"ಆರ್ಲಿ ಅಂದ್ರು ಅಮ್ಮ," ಎಂದೆ. "ಬಿಸಿ ಅದೆ, ಆರ್ಲಿ ಅಂತ."

"ನಿಂಗೆ ಅರ್ಥ ಆಗಿತ್ತಾ?"

"ಆಗಿತ್ತು."

"ಅಲ್ಲಿ ಕೇಳ್ದಾಗ್ಲೂ ಗೊತ್ತಿತ್ತಾ?"

ಗೊತ್ತಿತ್ತು ಎಂದೆ. ಅವರು ಫೋಟೋದ ಕಡೆ ಒಮ್ಮೆ ನೋಡಿದರು, ಬಾಗಿಲ ಕಡೆ ಒಮ್ಮೆ ನೋಡಿದರು. ಬೈದಿದ್ದರೆ ಹೊತ್ತುಕೊಂಡು ಬರುತ್ತಿದ್ದೆ. ಅವರು ಬೈಯಲಿಲ್ಲ. ಬಹಳ ಹೊತ್ತಾದ ಮೇಲೆ ನನ್ನ ಮುಂದಿನ ಲೋಟವನ್ನು ಬೆರಳಿನಿಂದ ಮುಟ್ಟಿ ನೋಡಿ, ನನ್ನ ಕಡೆಗೆ ಇನ್ನಷ್ಟು ಸರಿಸಿದರು.

"ಕುಡಿ ಕಣವ್ವ," ಎಂದರು. "ಆರೋಯ್ತದೆ."